ನಾಲ್ಕನೇ ಓಣಿ

ಗೋದಾಮಿನ ರೋಬೋಟುಗಳಿಗೆ ಚಪ್ಪಟೆ ನಕ್ಷೆಯೇ ಸಾಕು ಎಂದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳುವ ಧೈರ್ಯ ಉಳಿದಿರುತ್ತದೋ ಇಲ್ಲವೋ.

ನಾನು ಮಧುಕರ, ದಾವಣಗೆರೆಯವನು. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧ ಕಂಪನಿಯಲ್ಲಿ ಯಂತ್ರ ವಿಭಾಗದ ಮುಖ್ಯಸ್ಥ. ನಮ್ಮ ಗೋದಾಮಿನಲ್ಲಿ ಒಂದೇ ಅಚ್ಚಿನ ಎಂಟು ಓಣಿಗಳು, ಎರಡೂ ಬದಿಗೆ ಕಬ್ಬಿಣದ ರ‍್ಯಾಕುಗಳು. ಪೆಟ್ಟಿಗೆ ಸಾಗಿಸಲು ಮೂರು ರೋಬೋಟು ತರಿಸಿದೆವು. ತಾನೆಲ್ಲಿದ್ದೇನೆ ಎಂದು ರೋಬೋಟಿಗೆ ತಿಳಿಯಬೇಕಾದರೆ ಅದರ ತಲೆಯೊಳಗೆ ಒಂದು ನಕ್ಷೆ ಇರಬೇಕು. ಚಪ್ಪಟೆ ನಕ್ಷೆಯಾದರೆ ನೆಲದಿಂದ ಒಂದು ಗೇಣು ಮೇಲೆ ಲೇಸರ್ ಸುತ್ತುತ್ತದೆ, ಆ ಎತ್ತರದಲ್ಲಿ ಕಂಡದ್ದನ್ನು ಮಾತ್ರ ಗೆರೆಯಾಗಿ ಬರೆದುಕೊಳ್ಳುತ್ತದೆ. ಮೂರು ಆಯಾಮದ ನಕ್ಷೆ ನೆಲದಿಂದ ಸೂರಿನ ತನಕ ಎಲ್ಲವನ್ನೂ ಹಿಡಿಯುತ್ತದೆ. ಆದರೆ ಅದಕ್ಕೆ ಬೇರೆ ಲೇಸರ್ ತರಿಸಬೇಕಿತ್ತು, ಇನ್ನೂ ಆರು ವಾರ ಕಾಯಬೇಕಿತ್ತು.

ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಎಂಜಿನಿಯರ್ ಪ್ರಣತಿ ಮೀಟಿಂಗಿನಲ್ಲಿ ಹಟ ಹಿಡಿದಳು.

“ಸರ್, ತ್ರೀ-ಡಿಗೇ ಹೋಗೋಣ. ನೆಲದ ಹತ್ರ ಇರೋದೆಲ್ಲ ದಿನಾ ಜಾಗ ಬದಲಾಯಿಸುತ್ತೆ. ಸೂರಿನ ಬೀಮ್ ಎಲ್ಲೂ ಹೋಗಲ್ಲ. ಲೇನ್‌ಗಳೆಲ್ಲ ಕೆಳಗಡೆ ಒಂದೇ ಥರ ಇವೆ, ಮೇಲೆ ನೋಡಿದ್ರೇನೇ ವ್ಯತ್ಯಾಸ ಗೊತ್ತಾಗೋದು.”

“ನಿಮ್ಮ ರೋಬೋಟು ಹಾರುತ್ತೇನಮ್ಮಾ?” ಎಂದೆ. ಎಲ್ಲರೂ ನಕ್ಕರು. ಅವಳು ಇನ್ನೂ ಎರಡು ಸಲ ಬಿಡಿಸಿ ಹೇಳಿದಳು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ನಕ್ಷೆ ತೆಗೆದದ್ದು ಆಯುಧಪೂಜೆಯ ದಿನ. ಕೆಲಸಗಾರರಿಗೆಲ್ಲ ಲಾಡು ಹಂಚಿ ಮಧ್ಯಾಹ್ನವೇ ರಜೆ ಕೊಟ್ಟಿದ್ದೆವು. ಖಾಲಿ ಗೋದಾಮು ಮತ್ತೆ ಸಿಗುವುದು ಯಾವಾಗಲೋ. ನಾಲ್ಕನೇ ಓಣಿಯ ಬಾಯಲ್ಲಿ ರೋಬೋಟುಗಳನ್ನು ನಿಲ್ಲಿಸಿ, ಕುಂಕುಮ ಹಚ್ಚಿ, ಎರಡೂ ಬದಿಗೆ ಬಾಳೆಕಂಬ ಕಟ್ಟಿದ್ದೆವು.

“ಬಾಳೆಕಂಬ ಬಿಚ್ಚಿಟ್ಟು ಮ್ಯಾಪ್ ಮಾಡೋಣ್ವಾ ಸರ್?” ಎಂದಳು ಪ್ರಣತಿ.

ಜನರಲ್ ಮ್ಯಾನೇಜರ್ ಅನಂತ್ ಮೈಸೂರಿನವರು, ಮಡಿವಂತರು. “ವಿಜಯದಶಮಿ ಮುಗಿಯೋವರೆಗೂ ಯಾರೂ ಮುಟ್ಬೇಡಿ,” ಎಂದರು.

“ಇರಲಿ ಬಿಡು, ಆಮೇಲೆ ಇನ್ನೊಂದ್ಸಲ ಮಾಡಿದ್ರಾಯ್ತು,” ಎಂದೆ ನಾನು. ಆ ಆಮೇಲೆ ಬರಲೇ ಇಲ್ಲ. ಬಾಳೆಕಂಬ ಒಣಗಿ ಕಸಕ್ಕೆ ಹೋಯಿತು, ನಕ್ಷೆಯಲ್ಲಿ ಮಾತ್ರ ಎರಡು ಕಂಬವಾಗಿ ಉಳಿಯಿತು. ನಾಲ್ಕನೇ ಓಣಿಗೂ ಐದನೇ ಓಣಿಗೂ ನಮ್ಮ ರೋಬೋಟು ಬಲ್ಲ ವ್ಯತ್ಯಾಸ ಅದೊಂದೇ ಆಗಿತ್ತು. ಕಂಬ ಕಾಣದಿದ್ದರೆ ಅದಕ್ಕೆ ನಾಲ್ಕೂ ಐದೇ.

ಐದನೇ ಓಣಿಗೆ ಮನುಷ್ಯರು ಕಾಲಿಡುವಂತಿಲ್ಲ. ಅಲ್ಲಿ ರೋಬೋಟು ರ‍್ಯಾಕಿನ ಅಡಿಗೇ ನುಗ್ಗಿ ಹೊರೆ ಎತ್ತುತ್ತದೆ. ಎದುರಿಗೆ ಏನಾದರೂ ಕಂಡರೆ ನಿಲ್ಲುವ ಅಭ್ಯಾಸವನ್ನು ಆ ಓಣಿಯಲ್ಲಿ ಅದಕ್ಕೆ ನಾವೇ ಬಿಡಿಸಿದ್ದೆವು. ಇಲ್ಲದಿದ್ದರೆ ರ‍್ಯಾಕನ್ನೇ ಕಂಡು ಹೆದರಿ ನಿಂತುಬಿಡುತ್ತಿತ್ತು. ನಾಲ್ಕನೆಯದು ಎಲ್ಲರೂ ಓಡಾಡುವ ಓಣಿ.

ನವೆಂಬರಿನ ಒಂದು ಮಂಗಳವಾರ ಊಟದ ಹೊತ್ತಿಗೆ ಕರೆಂಟು ಹೋಯಿತು. ಕೆಲಸಗಾರರು ಗೇಟಿನಾಚೆಯ ಹೋಟೆಲಿಗೆ ಹೋಗಿದ್ದರು. ಕರೆಂಟು ಹೋದರೆ ರೋಬೋಟುಗಳು ನಿಲ್ಲುತ್ತವೆ, ಬಂದಾಗ ತಾವೆಲ್ಲಿದ್ದೇವೆ ಎಂದು ಹೊಸದಾಗಿ ಹುಡುಕಿಕೊಳ್ಳುತ್ತವೆ. ಇಪ್ಪತ್ತು ನಿಮಿಷಕ್ಕೆ ದೀಪ ಬಂತು. ಕ್ಯಾಮೆರಾಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಆಗ ಆ ಕೂಗು ಕೇಳಿಸಿತು.

ಮೊದಲು ಓಡಿದವನು ನಾನು, ಹಿಂದೆಯೇ ಪ್ರಣತಿ. ಸ್ಟಾಕ್ ನೋಡುವ ಮ್ವೆಂಡೆ, ಕಸರಾನಿಯಿಂದ ಎರಡು ಮಟಾಟು ವ್ಯಾನು ಬದಲಿಸಿ ಬರುವ ಹೆಂಗಸು, ಊಟ ಬಿಟ್ಟು ಕೆಳಗಿನ ಹಲಗೆಯ ಪೆಟ್ಟಿಗೆಗಳನ್ನು ಬಗ್ಗಿ ನೋಡುತ್ತಿದ್ದಳಂತೆ. ನಾನೂರು ಕಿಲೋ ಹೊತ್ತ ರೋಬೋಟು ಅವಳ ಕಾಲನ್ನು ರ‍್ಯಾಕಿನ ಕಂಬಕ್ಕೆ ಒತ್ತಿಹಿಡಿದಿತ್ತು. ಇನ್ನೂ ತಳ್ಳುತ್ತಲೇ ಇತ್ತು. ನಾನು ತುರ್ತು ಗುಂಡಿ ಒತ್ತಿ ಅದನ್ನು ಹಿಂದಕ್ಕೆಳೆದೆ. ಅವಳಿಗೆ ಎಚ್ಚರ ತಪ್ಪಿತ್ತು. ಇಬ್ಬರೂ ಸೇರಿ ಎತ್ತಿಕೊಂಡು ಹೊರಗೆ ಬರುವಾಗ ತಲೆಯ ಮೇಲೆ ಹಸಿರು ಫಲಕ ಕಂಡಿತು. ಅದರ ಮೇಲೆ ನಾಲ್ಕು ಎಂದು ಬರೆದಿತ್ತು.

ಅವಳ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಸರ್ಕಾರಿ ಅಧಿಕಾರಿ ಬರುವಷ್ಟರಲ್ಲಿ ನೆಲ ತೊಳೆಸಿಯಾಗಿತ್ತು. ಔಷಧದ ಗೋದಾಮಿನಲ್ಲಿ ರಕ್ತ ಇರುವಂತಿಲ್ಲ ಎಂಬುದು ಕಾರಣ, ಅದು ನಿಜವೂ ಹೌದು. ಉಳಿದದ್ದು ರೋಬೋಟಿನ ದಾಖಲೆಯೊಂದೇ. ಅದರ ಪ್ರಕಾರ ಹನ್ನೆರಡು ಐವತ್ತಾರಕ್ಕೆ ಅದು ಐದನೇ ಓಣಿಯಲ್ಲಿತ್ತು.

“ನೋಡಿ ಮಧುಕರ್, ಮಷೀನ್ ಸುಳ್ಳು ಹೇಳಲ್ಲ,” ಎಂದರು ಅನಂತ್. “ಆಯಮ್ಮ ನಿಷೇಧ ಇರೋ ಜಾಗಕ್ಕೆ ಹೋಗಿದಾಳೆ. ಹಂಗಂತ ಬರ್ದು ಸಹಿ ಮಾಡಿ.”

“ಸರ್, ಅದು ನಾಲ್ಕು. ನಾನೇ ಎತ್ಕೊಂಡ್ ಬಂದೆ.”

“ನಾಲ್ಕು ಅಂತ ಬರೆದ್ರೆ ಲಾಗ್ ತಪ್ಪು ಅಂತಾಗುತ್ತೆ. ಲಾಗ್ ತಪ್ಪಾದ್ರೆ ಮ್ಯಾಪ್ ತಪ್ಪು. ಮ್ಯಾಪ್ ಯಾರದ್ದು?” ಅವರು ದನಿ ಏರಿಸಲಿಲ್ಲ. “ನಿಮ್ಮ ವರ್ಕ್ ಪರ್ಮಿಟ್ ಜನವರಿಗೆ ರಿನ್ಯೂ ಅಲ್ವಾ? ಮಗ ಈ ವರ್ಷ ಪರೀಕ್ಷೆ ಬರೀಬೇಕಲ್ಲ?”

ಪ್ರಣತಿ ಹೊರಗೆ ಕಾಯುತ್ತಿದ್ದಳು. “ನೀವು ನಾಲ್ಕು ಅಂತ ಹೇಳಿದ್ರೆ ನಾನೂ ಹೇಳ್ತೀನಿ ಸರ್. ಒಬ್ಳೇ ಹೇಳೋಕೆ ಭಯ ಆಗುತ್ತೆ,” ಎಂದಳು. ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು. ತಪ್ಪು ನನ್ನದು, ಭಯ ಮಾತ್ರ ಆ ಹುಡುಗಿಗೆ. ಬೆಳಿಗ್ಗೆ ಹೇಳುತ್ತೇನೆ ಎಂದು ಕಿಲಿಮಾನಿಯ ಮನೆಗೆ ಹೊರಟೆ. ದಾರಿಯ ಮಧ್ಯೆ ಟ್ಯಾಕ್ಸಿಯನ್ನು ಆಸ್ಪತ್ರೆಯ ಕಡೆ ತಿರುಗಿಸಲು ಹೇಳಿದೆ. ನಿಜ ಹೇಳುವುದಾದರೆ ಮೊದಲು ಮ್ವೆಂಡೆಗೇ ಹೇಳಬೇಕು ಅನ್ನಿಸಿತ್ತು. ಅಷ್ಟು ಒಳ್ಳೆಯತನ ಆಗ ಇನ್ನೂ ನನ್ನಲ್ಲಿತ್ತು.

ಸಂಜೆಯ ಭೇಟಿಯ ಹೊತ್ತು. ಮ್ವೆಂಡೆ ದಿಂಬಿಗೆ ಒರಗಿದ್ದಳು, ಮಂಚದ ಬಳಿ ಕಾಲೇಜಿಗೆ ಹೋಗುವ ಮಗಳು. ಬೆಡ್‌ಶೀಟು ಒಂದು ಕಡೆ ಅರ್ಧಕ್ಕೇ ಚಪ್ಪಟೆಯಾಗಿತ್ತು. ನಾನು ಅತ್ತ ನೋಡಲಿಲ್ಲ.

“ಎಂಜಿನಿಯರ್, ನೀವು ಬಂದದ್ದು ಒಳ್ಳೆಯದಾಯಿತು,” ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಮಾತಾಡಿದಳು. “ಕಂಪನಿಯವರು ಬಂದಿದ್ದರು. ನಾನು ಐದರಲ್ಲಿದ್ದೆ ಎಂದು ಕಾಗದ ತೋರಿಸಿದರು. ನನಗೆ ನಾಲ್ಕು ಎಂದೇ ನೆನಪು. ಹನ್ನೊಂದು ವರ್ಷ ಆ ಗೋದಾಮಿನಲ್ಲಿ ನಡೆದಿದ್ದೇನೆ. ಆದರೆ ಔಷಧಿ ಕೊಟ್ಟಿದ್ದಾರೆ, ತಲೆ ಸರಿಯಿಲ್ಲ. ನಕ್ಷೆ ಮಾಡಿದವರು ನೀವು. ನೀವು ಹೇಳಿದರೆ ನಂಬುತ್ತೇನೆ. ನಾಲ್ಕೋ, ಐದೋ?”

ಮಗಳು ನನ್ನನ್ನೇ ನೋಡುತ್ತಿದ್ದಳು. ಒಂದು ಸಣ್ಣ ಸಂಖ್ಯೆ ಹೇಳಬೇಕಾಗಿತ್ತು, ಅಷ್ಟೇ. ಮಗನ ಪರೀಕ್ಷೆ ನೆನಪಾಯಿತು, ಜನವರಿ ನೆನಪಾಯಿತು, ಮೀಟಿಂಗಿನಲ್ಲಿ ಎಲ್ಲರೂ ನಕ್ಕದ್ದು ನೆನಪಾಯಿತು.

“ಯಂತ್ರ ಐದು ಎನ್ನುತ್ತದೆ,” ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಸುಳ್ಳಲ್ಲವಲ್ಲ ಎಂದು ಒಳಗೇ ಸಮಾಧಾನ ಮಾಡಿಕೊಂಡೆ.

ಮ್ವೆಂಡೆ ಸ್ವಲ್ಪ ಹೊತ್ತು ಸೂರು ನೋಡಿದಳು. ಆಮೇಲೆ ಮಗಳಿಗೆ ಸ್ವಾಹಿಲಿಯಲ್ಲಿ ಏನೋ ಹೇಳಿದಳು. ಮಗಳು ತಲೆ ತಗ್ಗಿಸಿದಳು.

“ಹಾಗಾದರೆ ನನ್ನದೇ ತಪ್ಪು,” ಎಂದು ನನ್ನ ಕಡೆ ಕೈ ಚಾಚಿದಳು. “ಸಮಹಾನಿ, ಎಂಜಿನಿಯರ್. ನಿಮ್ಮ ಕೆಲಸಕ್ಕೆ ತೊಂದರೆ ಮಾಡಿಬಿಟ್ಟೆ. ಕ್ಷಮಿಸಿಬಿಡಿ.”

ನಾನು ಆ ಕೈ ಹಿಡಿದುಕೊಂಡು, ಪರವಾಗಿಲ್ಲ ಎಂದೆ.