ಎಲ್ಲರ ಪರವಾಗಿ ಒಂದೇ ಉತ್ತರ

ಜನವರಿ ಹನ್ನೆರಡನೇ ತಾರೀಕು ಗಡಿಯಾಚೆಯ ತೆಲುಗು ಸೀಮೆಯಲ್ಲಿ, ಬ್ರಹ್ಮಸಮುದ್ರದ ಕಡೆಯ ಹನ್ನೊಂದು ಊರುಗಳಿಗೆ ಬರುತ್ತಿದ್ದ ಗಣಿತ ಪಾಠದ ಚಾನೆಲ್ಲನ್ನು ನಿಲ್ಲಿಸಿದರು. ಕನ್ನಡ ಮೀಡಿಯಂ ಹತ್ತನೇ ತರಗತಿಯ ಮಕ್ಕಳಿಗೆ ಇದ್ದ ಚಾನೆಲ್ ಅದು. ಹಿಂದೂಪುರದ ಕೇಬಲ್ ಕಂಪನಿಯ ಕಾಗದದಲ್ಲಿ ಕಾರಣ ಬರೆದಿತ್ತು: ನೋಡುವವರ ಸಂಖ್ಯೆ, ಒಂದು.

ಆ ಅಂಕಿ ಕೊಟ್ಟವಳು ರೇವತಿ. ಸೋಮಂದೇಪಲ್ಲಿಯಿಂದ ದಿನಾ ಬಸ್ಸು ಹತ್ತಿ ಬಂದು ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಕೂರುವವಳು. ಎಷ್ಟು ಜನ ನೋಡುತ್ತಾರೆ ಎಂದು ಮ್ಯಾನೇಜರ್ ಜಯಚಂದ್ರ ಕೇಳಿದ, ಇವಳು ಕಂಪ್ಯೂಟರ್ ನೋಡಿದಳು. ಆ ಊರುಗಳಿಗೆ ಹೋಗುವ ಕಲ್ಯಾಣದುರ್ಗದ ಲೈನಿನ ಎದುರು, ಆ ಚಾನೆಲ್ಲಿಗೆ ಒಂದು ಎಂದಿತ್ತು. ಹೇಳಿದಳು. ಅರ್ಧ ನಿಮಿಷದ ಕೆಲಸ. ಮಾರನೇ ದಿನ ಪಾಠ ಹೋಗುತ್ತಿದ್ದ ದಾರಿಯಲ್ಲಿ ಚಿನ್ನದಂಗಡಿಯವರ ಜಾಹೀರಾತು ಹೊರಟಿತು, ಬೇರೆ ನಂಬರಿನಲ್ಲಿ. ಪಾಠದ ನಂಬರಿಗೆ ತಿರುಗಿಸಿದರೆ ಕಪ್ಪು ತೆರೆ. ಆ ಕಡೆಯ ಹೈಸ್ಕೂಲಿನಲ್ಲಿ ಕನ್ನಡದಲ್ಲಿ ಗಣಿತ ಹೇಳುವ ಮೇಷ್ಟ್ರ ಜಾಗ ಎರಡು ವರ್ಷದಿಂದ ಖಾಲಿ, ಮಾರ್ಚಿಗೆ ಪರೀಕ್ಷೆ. ಇದನ್ನು ಯಾವ ಕಾಗದವೂ ಬರೆದುಕೊಂಡಿರಲಿಲ್ಲ.

ಎಂಟು ದಿನ ಕಳೆದು, ಯಂತ್ರದ ಕೆಟ್ಟ ಕಾರ್ಡೊಂದನ್ನು ಬದಲಿಸಲು ರೇವತಿಯನ್ನು ಕಲ್ಯಾಣದುರ್ಗದ ಬ್ರಾಂಚಿಗೆ ಕಳಿಸಿದರು. ಮೆಟ್ಟಿಲ ಮೇಲೆ ವಯಸ್ಸಾದ ಹೆಂಗಸೊಬ್ಬಳು ಕೂತಿದ್ದಳು. ಬ್ರಾಂಚ್ ನೋಡಿಕೊಳ್ಳುವ ಭೀಮೇಶ್ ಮೆಲ್ಲಗೆ ಹೇಳಿದ:

"ಮುನೆಮ್ಮ ಅಂತ ಮೇಡಂ. ಮೂರು ದಿನ ಆಯ್ತು, ಬೆಳಿಗ್ಗೆ ಬಸ್ಸಿಗೆ ಬಂದು ಸಾಯಂಕಾಲದ ಬಸ್ಸಿಗೆ ಹೋಯ್ತಾಳೆ. ಹಿಂದೂಪುರದೋರ ಹತ್ರಾನೇ ಮಾತಾಡ್ಬೇಕಂತೆ."

ಮುನೆಮ್ಮ ಏಳಲಿಲ್ಲ. ಕೂತಲ್ಲಿಂದಲೇ ಕೇಳಿದಳು.

"ನೀನೇನಮ್ಮಾ ಆಫೀಸಿನೋಳು? ಹಂಗಾದ್ರೆ ಹೇಳು, ಆ ಒಬ್ರು ಯಾರು?"

"ಯಾವ ಒಬ್ಬರು ಅಮ್ಮಾ?"

"ಹನ್ನೊಂದು ಊರಾಗೆ ಪಾಠ ನೋಡೋರು ಒಬ್ರೇ ಅಂತ ಬರ್ದೀರಂತಲ್ಲ. ನನ್ನ ಮೊಮ್ಮಗಳು ಭಾರ್ಗವಿನಾ? ಅವಳ ಜತೆ ಕೂತ್ಕಳೋ ಪಕ್ಕದ್ಮನೆ ಮೂರು ಮಕ್ಕಳಾ? ಇಲ್ಲಾ, ಒಂದಕ್ಷರ ಅರ್ಥ ಆಗ್ದಿದ್ರೂ ನೋಡ್ತಿದ್ದ ನಾನಾ? ಹೆಸ್ರು ಹೇಳ್ಬುಡು, ಮಿಕ್ಕೋರು ಸುಮ್ನಾಗ್ತೀವಿ."

ರೇವತಿಗೆ ಮುಖ ಎತ್ತಲಾಗಲಿಲ್ಲ. "ಮಿಷಿನ್ನು ತೋರಿಸಿದ್ದು ಅಷ್ಟೇ ಕಣಮ್ಮ" ಅಂದಳು.

"ಮಿಷಿನ್ನಿಗೆ ಎಣಿಸಕ್ಕೆ ಬರಲ್ವಾ?"

ಭೀಮೇಶ್ ನಕ್ಕ. ಆಮೇಲೆ ನಗು ನಿಲ್ಲಿಸಿದ. "ಬರಲ್ಲ ಮುನೆಮ್ಮಕ್ಕಾ. ತಪ್ಪಾಗಿರೋದೇ ಅಲ್ಲಿ. ಒಳಗೆ ಬನ್ನಿ ಇಬ್ರೂನೂ."

ಒಳಗೆ ಗೋಡೆಗೆ ಒರಗಿಸಿದ ಕಬ್ಬಿಣದ ಬೀರು, ಅದರೊಳಗೆ ದೀಪ ಮಿಣುಕುವ ಪೆಟ್ಟಿಗೆ. ಭೀಮೇಶ್ ಅದರ ಮೇಲೆ ಕೈ ಇಟ್ಟ.

"ಹಿಂದೂಪುರದಿಂದ ಪಾಠ ಒಂದೇ ಪ್ರತಿ ಹೊರಡ್ತದೆ. ಮನೆಗೊಂದು ಅಂತ ಅಲ್ಲ. ಅದನ್ನ ಹಂಚೋದು ಈ ಪೆಟ್ಟಿಗೆ, ಕೇಳಿದೋರಿಗೆ ಮಾತ್ರ. ನಿಮ್ಮನೇಲಿ ಚಾನೆಲ್ ಹಾಕಿದ್ರೆ ಟಿವಿ ಬಾಕ್ಸು ‘ನನ್ನೂ ಸೇರಿಸ್ಕೋ’ ಅಂತದೆ. ಎರಡು ನಿಮಿಷಕ್ಕೊಂದ್ಸಲ ಇದು ಕೇಳ್ತದೆ, ಇನ್ನೂ ಯಾರಾದ್ರೂ ಇದ್ದೀರಾ ಅಂತ. ಬಾಕ್ಸುಗಳು ‘ಇದ್ದೀವಿ’ ಅನ್ಬೇಕು. ಯಾರೂ ಏನೂ ಅನ್ನದಿದ್ರೆ ಹಂಚೋದು ನಿಲ್ಲಿಸ್ತದೆ."

"ಹಿಂದೂಪುರಕ್ಕೆ ಏನು ಹೇಳುತ್ತೆ?" ರೇವತಿ ಕೇಳಿದಳು. ಕೇಳುವಾಗಲೇ ಅವಳಿಗೆ ಉತ್ತರ ಹೊಳೆದಿತ್ತು.

"ಎಲ್ಲರ ಪರವಾಗಿ ಒಂದ್ಸಲ ‘ಇದ್ದಾರೆ’ ಅಂತದೆ, ಅಷ್ಟೇ. ಕೆಳಗೆ ಎರಡು ಮನೆ ಇರ್ಲಿ, ಇನ್ನೂರು ಇರ್ಲಿ, ಮೇಲಕ್ಕೆ ಹೋಗೋ ಉತ್ತರ ಒಂದೇ. ಕಳಿಸ್ಬೇಕಾ ಬೇಡ್ವಾ ಅಂತ ತಿಳ್ಕೊಳಾಕೆ ಒಂದು ಸಾಕು. ತಲೆ ಎಣಿಸೋ ಯಂತ್ರ ಅಲ್ಲ ಇದು."

"ಹೋ, ನಾನೂ ಹಂಗೇ ಕಣಪ್ಪ" ಅಂದಳು ಮುನೆಮ್ಮ. "ಉಪಾಧಿ ಕೆಲ್ಸದಾಗೆ, ಅದೇ ಸರ್ಕಾರದ ಕೂಲಿ ಕೆಲ್ಸದಾಗೆ, ಮೇಸ್ತ್ರಿ ನಮ್ಮ ಗುಂಪು ಕೂಗಿದ್ರೆ ‘ಬಂದಿದ್ದೀವಿ’ ಅನ್ನೋಳು ನಾನೊಬ್ಳೇ. ಮಿಕ್ಕ ಹದಿನೆಂಟು ಜನ ಮಣ್ಣು ತೋಡ್ತಿರ್ತಾರೆ. ನನ್ನ ಬಾಯಿ ಒಂದು ಅಂತ ಒಂದೇ ಹಾಜರಿ ಹಾಕಿದ್ರೆ ಆ ಮೇಸ್ತ್ರೀನ ಊರೊಳಕ್ಕೆ ಬಿಟ್ಕಂತೀವಾ?"

"ನೀನ್ಯಾಕೆ ಇದನ್ನ ಮೊದಲೇ ಹೇಳ್ಲಿಲ್ಲ?" ರೇವತಿ ಭೀಮೇಶನ ಕಡೆ ತಿರುಗಿದಳು.

"ನನ್ನ ಯಾರು ಕೇಳಿದ್ರು ಮೇಡಂ? ನಿಲ್ಲಿಸಿದ್ದು ನನಗೂ ಟಿವಿ ನೋಡಿದ ಮೇಲೇ ಗೊತ್ತಾಗಿದ್ದು."

ಮನೆಮನೆಯ ಹೆಸರು ಈ ಪೆಟ್ಟಿಗೆಯ ಪಟ್ಟಿಯಲ್ಲಿ ಮಾತ್ರ ಸಿಗುತ್ತಿತ್ತು. ಪಾಠದ ಹೊತ್ತು ಸಂಜೆ ಆರು. ಅಲ್ಲಿವರೆಗೂ ಮೂವರೂ ಕಾದರು. ಆರಕ್ಕೆ ಐದು ನಿಮಿಷ ಇದ್ದಾಗ ಭೀಮೇಶ್ ಪಟ್ಟಿ ತೆರೆದ. ನಿಂತುಹೋದ ಚಾನೆಲ್ಲಿನ ನಂಬರಿನ ಕೆಳಗೆ ಒಂದು ಬಾಕ್ಸು ಸೇರಿತು. ಏಳು ಸೇರಿದವು. ಮೂವತ್ತೊಂದು. ಆರೂ ಹತ್ತಕ್ಕೆ ಇನ್ನೂರ ಹದಿನಾಲ್ಕು.

"ಪಾಠಾನೇ ಇಲ್ಲವಲ್ಲ" ಅಂದಳು ರೇವತಿ.

"ಇವತ್ತಾದ್ರೂ ಬತ್ತದೇನೋ ಅಂತ ಮಕ್ಳು ಹಾಕ್ತಾವೆ ಕಣಮ್ಮ. ಕರೀ ಟಿವಿ ಮುಂದೆ ಪುಸ್ತಕ ಬಿಚ್ಕಂಡು ಕೂತಿರ್ತಾವೆ. ಅರ್ಧ ಗಂಟೆ ಕೂತು ಎದ್ದೋಯ್ತಾವೆ" ಅಂದಳು ಮುನೆಮ್ಮ.

ಎರಡು ನಿಮಿಷಕ್ಕೊಮ್ಮೆ ಪೆಟ್ಟಿಗೆ ಕೇಳುತ್ತಿತ್ತು, ಇನ್ನೂರ ಹದಿನಾಲ್ಕು ಮನೆಗಳು ಉತ್ತರ ಕೊಡುತ್ತಿದ್ದವು. ಬಡವರ ಮಕ್ಕಳಿಗೆ ಓದು ಬೇಕಾಗಿಲ್ಲ, ಅವರು ಕೇಳುವುದೇ ಇಲ್ಲ ಎಂದು ಕುರ್ಚಿಯ ಮೇಲಿನವರು ಎಷ್ಟು ಕಾಲದಿಂದ ಹೇಳುತ್ತಿದ್ದಾರೆ. ಕೇಳಿದ್ದಾರೆ. ಎಂಟು ಸಂಜೆಯೂ ಕೇಳಿದ್ದಾರೆ. ರೇವತಿ ಪಟ್ಟಿಯನ್ನು ಪ್ರಿಂಟ್ ತೆಗೆದುಕೊಂಡಳು. ಆರು ಹಾಳೆ ಆಯಿತು.

ಮಾರನೇ ಬೆಳಿಗ್ಗೆ ಹಿಂದೂಪುರದಲ್ಲಿ ಜಯಚಂದ್ರ ಆ ಆರೂ ಹಾಳೆಗಳನ್ನು ನಿಧಾನಕ್ಕೆ ತಿರುವಿ ಹಾಕಿದ.

"ಯಾರ್ಯಾರಿಗೆ ಗೊತ್ತು ಇದು?"

"ಭೀಮೇಶ್‌ಗೆ, ನನಗೆ, ಮುನೆಮ್ಮ ಅನ್ನೋರಿಗೆ."

"ಆ ಮುಸಲಮ್ಮನಾ, ಮುದುಕೀನಾ? ಸರೆ, ಬಿಡು." ಎದ್ದು ಬಾಗಿಲು ಮುಚ್ಚಿದ. "ವಿದ್ಯಾಶಾಖೆಯಿಂದ, ಶಿಕ್ಷಣ ಇಲಾಖೆಯಿಂದ, ಲೆಟರ್ ಬಂದಿದೆ. ಎಷ್ಟು ಮನೆ ನೋಡ್ತಿದ್ರು ಅಂತ ಸೋಮವಾರದೊಳಗೆ ಬರೆದು ಕಳಿಸ್ಬೇಕು. ಜಾಹೀರಾತಿನವರಿಗೆ ಮಾತು ಕೊಟ್ಟಾಗಿದೆ, ವಾಪಸ್ ತಗೊಳ್ಳೋ ಹಾಗಿಲ್ಲ. ಚೂಡಮ್ಮಾ, ನೋಡು, ಸುಳ್ಳು ಹೇಳು ಅಂತ ನಾನು ಹೇಳಲ್ಲ. ಕಲ್ಯಾಣದುರ್ಗದ ಪೆಟ್ಟಿಗೆಯಲ್ಲಿ ಆ ನಂಬರಿಗೆ ತಡೆ ಹಾಕು. ಮನೆಗಳು ಎಷ್ಟು ಕೂಗಿದ್ರೂ ಅದು ಕಿವಿಗೆ ಹಾಕ್ಕೊಳ್ಳಲ್ಲ. ಪಟ್ಟಿ ಖಾಲಿ ಆಗ್ತದೆ. ಖಾಲಿ ಪಟ್ಟಿ ನೋಡಿ ಸೊನ್ನೆ ಅಂತ ಬರೆದು ಸೈನ್ ಮಾಡು. ಅದು ನಿಜಾನೇ ಅಲ್ವಾ?"

ರೇವತಿ ಹಾಳೆಗಳನ್ನು ತನ್ನ ಕಡೆಗೆ ಎಳೆದುಕೊಂಡಳು.

"ಮೊದಲು ಒಂದು ಅಂದೋಳು ನೀನೇ. ವಿಚಾರಣೆ ಅಂತ ಬಂದ್ರೆ ತಪ್ಪು ರೇವತಿದು ಅಂತಾನೇ ನಾನು ಬರೀಬೇಕಾಗ್ತದೆ."

"ಬರೀರಿ ಸಾರ್. ತಪ್ಪು ನನ್ನದೇ. ಇನ್ನೂರ ಹದಿನಾಲ್ಕನ್ನ ಒಂದು ಅಂದೆ. ನಾನೂ ಹಾಗೇ ಬರೆದು ಕೊಡ್ತೀನಿ, ಈ ಹಾಳೆಗಳನ್ನೂ ಜತೆಗಿಟ್ಟು."

ಜಯಚಂದ್ರ ತಾನೇ ಕೂತು ಕಂಪ್ಯೂಟರಿನಲ್ಲಿ ಕಲ್ಯಾಣದುರ್ಗದ ಪೆಟ್ಟಿಗೆಯನ್ನು ತೆರೆದು, ತಡೆ ಹಾಕುವ ಆಜ್ಞೆಯ ಸಾಲನ್ನು ಟೈಪ್ ಮಾಡಿದ. ಪಾಸ್‌ವರ್ಡ್ ಇದ್ದದ್ದು ರೇವತಿಯ ಹೆಸರಿನಲ್ಲಿ. ಅದನ್ನು ಕೇಳಿ ಸಾಲು ನಿಂತಿತು. ಕೀಬೋರ್ಡನ್ನು ಅವಳ ಮುಂದಕ್ಕೆ ತಳ್ಳಿದ.

"ಹಾಕು."

ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

"ರೇವತೀ, ಕೆಲಸ ಬೇಕಾ ಬೇಡ್ವಾ ನಿನಗೆ?"

"ಬೇಕು ಸಾರ್" ಅಂದಳು. "ಹಾಕಲ್ಲ."