ಮೀನೆಣ್ಣೆ ಕುಡಿದ ಇಗರ್ಜಿ

ನನ್ನ ಬಾಲ್ಯವೆಂದರೆ ಮೀನೆಣ್ಣೆಯ ವಾಸನೆ. ಧೂಪದ ಪರಿಮಳ ಬಂದದ್ದು ಆಮೇಲೆ.

ನಾನು ಮರದ ಇಗರ್ಜಿ. ಹೊಳೆಯ ನಡುವಿನ ಕುದ್ರುವಿನಲ್ಲಿದ್ದೇನೆ. ಇಲ್ಲಿನ ನಾಲ್ಕಾರು ಆರ್ಥೊಡಾಕ್ಸ್ ಕ್ರೈಸ್ತ ಮನೆಗಳಿಗೆ ಆಚೆ ದಡದಿಂದ ಕಲ್ಲು ಸಾಗಿಸುವ ಶಕ್ತಿ ಇರಲಿಲ್ಲ. ಅವರು ಬಚ್ಚ ಮೊಗವೀರನನ್ನು ಕರೆದರು. ಅವನಿಗೆ ಗೊತ್ತಿದ್ದದ್ದು ದೋಣಿ ಕಟ್ಟುವುದೊಂದೇ. ಹಾಗಾಗಿ ನನ್ನನ್ನೂ ದೋಣಿಯಂತೆಯೇ ಕಟ್ಟಿದ. ಕಂಬಗಳ ಮೇಲೆ ಎತ್ತಿ ನಿಲ್ಲಿಸಿ, ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಮೈತುಂಬ ಮೀನೆಣ್ಣೆ ಉಜ್ಜಿದ. ಕೈರೂಢಿಯಲ್ಲಿ, ಒಳಗೆ ಸೇರಿದ ನೀರು ಹೊರಬಿಡಲು ನೆಲದ ಹಲಗೆಯಲ್ಲಿ ತೂತನ್ನೂ ಕೊರೆದು, ಮರದ ಬೆಣೆ ಜಡಿದುಬಿಟ್ಟಿದ್ದ.

ಪಾದ್ರಿಗಳು ನಕ್ಕರು. "ಬಚ್ಚ, ಇದನ್ನ್ ಕಡಲಿಗೆ ಇಳಿಸ್ತ್ಯಾ ಹೆಂಗೆ?"

"ಇರ್ಲಿ ಪಾದ್ರಿಗ್ಳೇ," ಎಂದ ಬಚ್ಚ, ತಲೆ ಕೆರೆದುಕೊಂಡು. "ಹೊಳಿ ಬದಿ ಅಲ್ದಾ?"

ದೊಡ್ಡ ನೆರೆ ಬಂದ ವರ್ಷ ನೀರು ಬಲಿಪೀಠದ ಬುಡ ಮುಟ್ಟಿತು. ನೆರೆ ಇಳಿದರೂ ಮನೆಮನೆಯೊಳಗೆ ಕೆಸರು ನಿಂತಿತ್ತು. ಪಾದ್ರಿಗಳು ಮೊಣಕಾಲೂರಿ ಬೆಣೆ ಕಿತ್ತರು. ನನ್ನೊಳಗಿನ ನೀರೆಲ್ಲ ಗಳಗಳನೆ ಹೊರಟುಹೋಯಿತು. ಕುದ್ರುವಿನಲ್ಲಿ ಮೊದಲು ಒಣಗಿದ ನೆಲ ನನ್ನದೇ. ಎಲ್ಲ ಜಾತಿಯವರೂ ಮಕ್ಕಳನ್ನು ತಂದು ಇಲ್ಲೇ ಮಲಗಿಸಿದರು. ಅಂದಿನ ಹೆಮ್ಮೆ ಇನ್ನೂ ಇಳಿದಿಲ್ಲ.

ಪ್ರತಿ ಮಳೆಗಾಲಕ್ಕೆ ಮುಂಚೆ ಮೀನು ಹಿಡಿಯುವ ಮೊಗವೀರರು ದೋಣಿಗಳಿಗೆ ಎಣ್ಣೆ ಉಜ್ಜಿ, ಉಳಿದದ್ದನ್ನು ನನಗೆ ತರುತ್ತಿದ್ದರು. ನನ್ನ ಆಯುಸ್ಸು ಅದರಲ್ಲಿತ್ತು. ಆಮೇಲೆ ಫೈಬರ್ ದೋಣಿಗಳು ಬಂದವು. ಅವಕ್ಕೆ ಎಣ್ಣೆ ಬೇಡ. ಆಚೆ ದಡದಲ್ಲಿ ಸಿಮೆಂಟಿನ ಇಗರ್ಜಿ ಎದ್ದು, ಭಾನುವಾರದ ಪೂಜೆಯೂ ಅಲ್ಲಿಗೆ ಹೋಯಿತು. ಹೋದ ವರ್ಷ ಎಣ್ಣೆ ಸಿಗದೆ ನನ್ನ ಪಡುಗೋಡೆ ಬಿರಿಯಿತು. ಇನ್ನೊಂದು ಮಳೆಗಾಲವನ್ನು ಒಣ ಮೈಯಲ್ಲಿ ತಾಳಲಾರೆನೆಂದು ನನಗೆ ಗೊತ್ತಿತ್ತು. ಸಂಜೆ ನನ್ನಲ್ಲಿ ದೀಪ ಹಚ್ಚುವ ಹೆಂಗಸು, ಅಪೊಲಿನ್ ಬಾಯಿಗೂ ಗೊತ್ತಿತ್ತು.

ಈ ಮೇ ತಿಂಗಳಲ್ಲಿ ಅವರೇ ಅಡುಗೆಮನೆಯ ತೆಂಗಿನೆಣ್ಣೆಯ ಬಾಟಲಿ ಹಿಡಿದು ಏಣಿ ಹತ್ತಿದರು.

"ಬಾಯಮ್ಮ, ಇಳಿನಿ ಕೆಳ್ಗೆ! ಇಗರ್ಜಿಗೆ ಒಗ್ಗರ್ಣಿ ಹಾಕ್ತ್ರ್ಯಾ?"

ಕೆಳಗೆ ಬಚ್ಚನ ಮೊಮ್ಮಗ ಶೀನ ನಿಂತಿದ್ದ. ಕೈಯಲ್ಲಿ ಮೀನೆಣ್ಣೆಯ ಡಬ್ಬ.

"ನಿನ್ನ್ ದೋಣಿ ಫೈಬರಿಂದ್ ಅಲ್ದನಾ? ಈ ಎಣ್ಣೆ ಎಂತಕೆ?"

"ಅಜ್ಜ ಕಟ್ಟಿದ್ರಗೆ ಮುಳುಗ್ದೆ ಉಳ್ದದ್ದ್ ಇದೊಂದೇ, ಬಾಯಮ್ಮ. ನೀವ್ ಏಣಿ ಹಿಡ್ಕಣಿ."

ಸಂಜೆಯವರೆಗೆ ಶೀನ ಉಜ್ಜಿದ. ಹಲಗೆಗಳು ಕುಡಿದವು, ಕಪ್ಪಾಗಿ ಹೊಳೆದವು. ಕಡಲ ಮೇಲೆ ಮೋಡ ಕಟ್ಟುತ್ತಿತ್ತು. ಬರಲಿ, ಎಂದುಕೊಂಡೆ.

ಶೀನ ಕೈ ತೊಳೆದು ನನ್ನ ಮೆಟ್ಟಿಲ ಮೇಲೆ ಕುಳಿತ. ಮನೆಗೆ ಹೋಗಿ ಬಂದ ಅಪೊಲಿನ್ ಬಾಯಿ ಬಿಸಿ ಗಂಜಿಯ ಬಟ್ಟಲನ್ನು ಅವನ ಕೈಗಿತ್ತರು. ಮೇಲೆ ಒಂದು ತುಂಡು ಸುಟ್ಟ ಒಣಮೀನು.