ತೊಳೆದ ಕವರುಗಳು

ಅತ್ತೆ ಬಿಸಿನೀರಿನ ಬೋಗುಣಿಯೊಳಗೆ ಕೈ ಇಳಿಸಿ ಏನನ್ನೋ ತಡಕಾಡುತ್ತಿದ್ದಳು.

"ಈಗ ತಾನೇ ಹಾಕಿದ್ದೆ ಕಣೇ. ಎಂಟು ಕವರು. ತೊಳೆದು ಒಣಗಿಸೋಣ ಅಂತ. ಎಲ್ಲಿ ಹೋದ್ವೋ, ಒಂದೂ ಕೈಗೆ ಸಿಗ್ತಿಲ್ಲ."

ಮಗಳು ಕಿಟಕಿಯತ್ತ ತಿರುಗಿದಳು. ಹೊರಕೋಣೆಯಲ್ಲಿ ಅಪ್ಪನ ದೇಹ, ಸುತ್ತ ಬಂದವರ ಪಿಸುಮಾತು. ಇಲ್ಲಿ, ಕಿಟಕಿಕಟ್ಟೆಯ ಮೇಲೆ ಅಪ್ಪ ಒಂದೊಂದು ಕವರಿನಲ್ಲಿ ಹಾಕಿ ಸಾಲಾಗಿ ಇಟ್ಟಿದ್ದ ಎಂಟು ಬ್ರೆಡ್ ತುಂಡುಗಳು ಈಗ ಕವರಿಲ್ಲದೆ ಒಂದೇ ತಟ್ಟೆಯಲ್ಲಿ ರಾಶಿಯಾಗಿದ್ದವು. ಏಳಕ್ಕೆ ಹಸಿರು ಬೂಷ್ಟು. ಒಂದು ಮಾತ್ರ ಬೆಳ್ಳಗಿತ್ತು.

ಅತ್ತೆ ಅಪ್ಪನ ಅಕ್ಕ. ಕವರು ಕಂಡರೆ ತೊಳೆದು, ಒಣಗಿಸಿ, ಮಡಿಸಿಡದೆ ಬಿಡುವ ಜೀವವಲ್ಲ. ದುಃಖವಾದರಂತೂ ಅವಳ ಕೈ ಸುಮ್ಮನಿರದು.

"ನಂಬರ್ ಬರೆದಿದ್ದು ಆ ಕವರ್ ಮೇಲೇ ಅತ್ತೆ!"

*

ಅಪ್ಪ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದವನು. ಅಲ್ಲಿ ಕದ್ದು ನೋಡಿ ಕಲಿತದ್ದನ್ನು ಮನೆಯಲ್ಲಿ ಮಾಡುತ್ತಿದ್ದ. ಪಿಷ್ಟದ ಗಂಜಿಗೆ ಒಂದೊಂದು ಸೊಪ್ಪಿನ ರಸ ಬೆರೆಸಿ, ತೆಳ್ಳಗೆ ಹರಡಿ, ಒಣಗಿದ ಹಾಳೆಯನ್ನು ಮಗುವನ್ನು ಎಬ್ಬಿಸುವಂತೆ ಮೆಲ್ಲಗೆ ಎಬ್ಬಿಸಿ ಕವರು ಮಾಡುತ್ತಿದ್ದ.

"ತಿನ್ನೋದನ್ನ ಕಾಯ್ಬೇಕು, ಕೆಲಸ ಮುಗಿದ್ಮೇಲೆ ಮಣ್ಣಾಗ್ಬೇಕು. ಇಪ್ಪತ್ತೊಂದನೇ ದಿನ ಯಾವ ನಂಬರಿಂದು ಕೆಟ್ಟಿಲ್ಲ ಅಂತ ನೀನೇ ನೋಡಿ ಬರಿ. ನನ್ನ ಕಣ್ಣಿಗೆ ನನಗೆ ಬೇಕಾದ್ದೇ ಕಾಣುತ್ತೆ."

"ಮರೀದೆ ಬರೀತೀನಪ್ಪ."

ನಿನ್ನೆ ಸಂಜೆ ಎದೆ ಹಿಡಿದು ಕುಳಿತವನು ಮೇಲೇಳಲಿಲ್ಲ. ಇವತ್ತು ಇಪ್ಪತ್ತೊಂದನೇ ದಿನ.

*

ಲ್ಯಾಬಿನ ಮೇಡಂ ಅಪ್ಪನ ಪಾದದ ಬಳಿ ಹೂವಿಟ್ಟು ಅಡುಗೆಮನೆಗೆ ಬಂದರು. ವಿಷಯ ಕೇಳಿ ಬೋಗುಣಿಯೊಳಗೆ ಬಗ್ಗಿದರು.

"ಎಷ್ಟು ಹೊತ್ತಲ್ಲಿ ಕರಗಿತು?"

"ಕೈ ಆಡಿಸೋಷ್ಟರಲ್ಲಿ ಮೇಡಂ," ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನನ್ನ ತಮ್ಮಂದು ಏನು ಹಾಳು ಮಾಡಿಬಿಟ್ಟೆ ನಾನು?"

ಮೇಡಂ ಬಿಳಿ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇಪ್ಪತ್ತೊಂದು ದಿನಾನಾ? ನಮ್ಮ ಲ್ಯಾಬಿನ ಕವರು ಹತ್ತು ದಿನ ದಾಟಿಲ್ಲ. ಇದಕ್ಕೆ ಯಾವ ಸೊಪ್ಪು ಹಾಕಿದ್ರು?"

"ಒಂದ್ನಿಮಿಷ, ಅಪ್ಪನ್ನ ಕೇಳ್ತೀನಿ," ಎಂದು ಮಗಳು ಹೊರಕೋಣೆಯತ್ತ ಎರಡು ಹೆಜ್ಜೆ ಇಟ್ಟಳು. ಬಾಗಿಲಲ್ಲಿ ನಿಂತುಬಿಟ್ಟಳು.

ಅತ್ತೆಯ ಮೇಲೆ ಸಿಟ್ಟಾಗಬೇಕೋ, ಅಪ್ಪ ಗೆದ್ದನೆಂದು ಕುಣಿಯಬೇಕೋ, ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಅಪ್ಪ ಬರೆದಿಡುತ್ತಿದ್ದ ಪುಸ್ತಕ ತೆರೆದಳು. ಎಂಟು ನಂಬರು, ಮುಂದೆ ಎಂಟು ಸೊಪ್ಪಿನ ಹೆಸರು. ಕೆಳಗೆ ಬರೆದಳು: 'ಇಪ್ಪತ್ತೊಂದನೇ ದಿನ. ಒಂದು ಕೆಟ್ಟಿಲ್ಲ. ನಂಬರ್'. ಪೆನ್ನು ಅಲ್ಲೇ ನಿಂತಿತು.

"ಹೊತ್ತಾಯ್ತು, ಬಾಮ್ಮಾ," ಯಾರೋ ಕರೆದರು.

ಅಪ್ಪನನ್ನು ಎತ್ತಿದರು. ಮುಂಬಾಗಿಲು ಕಿರಿದು, ಹಿತ್ತಲ ಕಡೆಯಿಂದಲೇ ಒಯ್ಯಬೇಕಾಯಿತು. ಅಲ್ಲಿ ಬಟ್ಟೆ ಒಣಗಿಸುವ ತಂತಿಯ ಮೇಲೆ ಅತ್ತೆ ಮೊದಲೇ ಸಿಕ್ಕಿಸಿಟ್ಟಿದ್ದ ಎಂಟು ಕ್ಲಿಪ್ಪುಗಳು, ಗೇಣಿಗೊಂದರಂತೆ, ಏನನ್ನೂ ಹಿಡಿಯದೆ ಕಾಯುತ್ತಿದ್ದವು.